ಲೈಫ್ ಪತ್ರಿಕೆಯ ಕೊನೆಯ ಪುಟದ ಚಿತ್ರಗಳು

ಶ್ರೋತೃಗಳಿಗೆ ನಮಸ್ಕಾರ.

ರಾತ್ರಿ ಎರಡು ಗಂಟೆ. ಸಣ್ಣ ಊರೊಂದರ ಆಸ್ಪತ್ರೆಯ ಅಡುಗೆಮನೆಯಲ್ಲಿ ವೈದ್ಯರೊಬ್ಬರು ಕಟ್ಟೆಗೆ ಒರಗಿ ನಿಂತಿದ್ದಾರೆ. ಶಸ್ತ್ರಚಿಕಿತ್ಸೆಯ ಟೋಪಿ ಇನ್ನೂ ತಲೆಯ ಮೇಲಿದೆ. ಒಂದು ಕೈಯಲ್ಲಿ ಕಾಫಿಯ ಬಟ್ಟಲು, ಇನ್ನೊಂದರಲ್ಲಿ ಸಿಗರೇಟು. ಬಟ್ಟಲು ಸ್ವಲ್ಪ ವಾಲಿದೆ. ಅದು ವಾಲಿರುವುದು ಹಿಡಿದವರಿಗೇ ತಿಳಿದಂತಿಲ್ಲ. ಅವರ ಕಣ್ಣುಗಳು ಎದುರಿನ ಯಾವ ವಸ್ತುವಿನ ಮೇಲೂ ನೆಟ್ಟಿಲ್ಲ. ಅಮೆರಿಕದ ಲೈಫ್ ವಾರಪತ್ರಿಕೆಯ 1948ರ ಸೆಪ್ಟೆಂಬರ್ 20ರ ಸಂಚಿಕೆಯಲ್ಲಿ ಬಂದ ‘ಹಳ್ಳಿಯ ವೈದ್ಯ’ ಎಂಬ ಚಿತ್ರಮಾಲೆಯ ಕೊನೆಯ ಚಿತ್ರ ಇದು. ತೆಗೆದವರು ಯೂಜೀನ್ ಸ್ಮಿತ್. ಆ ಪತ್ರಿಕೆಯಲ್ಲಿ ನಾನು ನೋಡಿದ ಚಿತ್ರಗಳಲ್ಲೆಲ್ಲ ನನಗೆ ಅತ್ಯಂತ ಮೆಚ್ಚಿನದು ಇದೇ. ಈ ಮೆಚ್ಚುಗೆಗೆ ಕಾರಣವನ್ನು ಹೇಳುವುದಕ್ಕಾಗಿಯೇ ಈ ಹೊತ್ತು ನಿಮ್ಮ ಮುಂದೆ ಮಾತನಾಡುತ್ತಿದ್ದೇನೆ.

ಲೈಫ್ ಪತ್ರಿಕೆಯನ್ನು ನಾನು ಮೊದಲು ಕಂಡದ್ದು ಅದು ವಾರವಾರ ಬರುವುದು ನಿಂತು ಎಷ್ಟೋ ವರ್ಷಗಳಾದ ಮೇಲೆ, ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ರಾಶಿಯೊಂದರಲ್ಲಿ. ನುಣುಪು ಕಾಗದದ ಪರದೇಶದ ಪತ್ರಿಕೆ ಎಂದರೆ ನಮ್ಮ ಬಾಲ್ಯದಲ್ಲಿ ಸೋವಿಯತ್ ದೇಶದಿಂದ ಬರುತ್ತಿದ್ದವೇ. ಅವನ್ನು ಓದುವುದಕ್ಕಿಂತ ಹೆಚ್ಚಾಗಿ ಶಾಲೆಯ ಪುಸ್ತಕಗಳಿಗೆ ಹೊದಿಕೆ ಹಾಕಲು ಬಳಸುತ್ತಿದ್ದೆವು. ಹಾಗೆ ಹೊದಿಕೆಗೆಂದು ಕೊಂಡ ಕಟ್ಟಿನಲ್ಲಿ ಲೈಫ್‌ನ ಎರಡು ಸಂಚಿಕೆಗಳೂ ಸೇರಿದ್ದವು. ಅವುಗಳಿಗೆ ಮಾತ್ರ ಕತ್ತರಿ ತಾಗಿಸಲು ಮನಸ್ಸು ಬರಲಿಲ್ಲ. ಈಗ ಆ ಪತ್ರಿಕೆಯ 1936ರಿಂದ 1972ರವರೆಗಿನ ಸಂಚಿಕೆಗಳನ್ನು ಅಂತರಜಾಲದಲ್ಲಿ ಜಾಹೀರಾತುಗಳ ಸಮೇತ ಪುಟಪುಟವಾಗಿ ನೋಡಬಹುದು. ಜಾಹೀರಾತುಗಳ ಸಮೇತ ನೋಡಬೇಕು ಎಂದೇ ನನ್ನ ಸಲಹೆ. ಸಾಬೂನು, ಮೋಟಾರು ಕಾರು, ಸಿಗರೇಟುಗಳ ನಡುವೆಯೇ ಆ ಚಿತ್ರಗಳು ಓದುಗರ ಮನೆ ಸೇರಿದವು.

ಹೆನ್ರಿ ಲೂಸ್ ಎಂಬ ಪ್ರಕಾಶಕರು ಲೈಫ್ ಅನ್ನು ಚಿತ್ರಗಳ ಪತ್ರಿಕೆಯಾಗಿ ಹೊರತಂದದ್ದು 1936ರ ನವೆಂಬರ್ 23ರಂದು. ಬೆಲೆ ಹತ್ತು ಸೆಂಟು. ಮೊದಲ ಮುಖಪುಟ ಮೊಂಟಾನಾ ರಾಜ್ಯದ ಫೋರ್ಟ್ ಪೆಕ್ ಅಣೆಕಟ್ಟೆಯದು, ತೆಗೆದವರು ಮಾರ್ಗರೆಟ್ ಬೋರ್ಕ್-ವೈಟ್. ಕೋಟೆಯ ಬುರುಜುಗಳಂತೆ ಸಾಲಾಗಿ ನಿಂತ ಕಾಂಕ್ರೀಟಿನ ಕಂಬಗಳು, ಅವುಗಳ ಬುಡದಲ್ಲಿ ಇರುವೆಗಳಷ್ಟು ಸಣ್ಣಗೆ ಇಬ್ಬರು ಮನುಷ್ಯರು. ಆ ಇಬ್ಬರ ಮೇಲೆ ಬೆರಳು ಮುಚ್ಚಿ ನೋಡಿದರೆ ಕಂಬಗಳ ಎತ್ತರವೇ ಅಂದಾಜಿಗೆ ಸಿಗುವುದಿಲ್ಲ. ಆದರೆ ನನಗೆ ಮುಖಪುಟಕ್ಕಿಂತ ಒಳಗಿನ ಪುಟಗಳೇ ಇಷ್ಟ. ಸಂಪಾದಕರು ನಿರೀಕ್ಷಿಸಿದ್ದು ಕಟ್ಟಡದ ಕೆಲಸದ ಚಿತ್ರಗಳನ್ನು. ಆಕೆ ಅವುಗಳ ಜೊತೆಗೆ ಕೂಲಿಗಾರರ ತಗಡು-ಹಲಗೆಯ ಊರುಗಳನ್ನೂ, ಶನಿವಾರ ರಾತ್ರಿಯ ಕುಣಿತವನ್ನೂ, ಹೆಂಡದಂಗಡಿಯ ಕಟ್ಟೆಯ ಮೇಲೆ ಕೂರಿಸಿದ್ದ ಪುಟ್ಟ ಮಗುವನ್ನೂ ತೆಗೆದು ಕಳುಹಿಸಿದರು. ಅಣೆಕಟ್ಟೆ ನೋಡಲು ಹೋದವರು ಜನರನ್ನು ನೋಡಿಕೊಂಡು ಬಂದರು. ಪತ್ರಿಕೆಯ ಮುಂದಿನ ದಾರಿ ಅಲ್ಲಿಯೇ ತೆರೆಯಿತೆಂದು ನನ್ನ ಎಣಿಕೆ.

ಈಗ ಮತ್ತೆ ನಮ್ಮ ವೈದ್ಯರ ಬಳಿಗೆ ಬರೋಣ. ಅವರು ಕೊಲರಾಡೊ ರಾಜ್ಯದ ಕ್ರೆಮ್ಲಿಂಗ್ ಎಂಬ ಊರಿನ ಡಾಕ್ಟರ್ ಅರ್ನೆಸ್ಟ್ ಸೆರಿಯಾನಿ. ಸುತ್ತಲಿನ ಸುಮಾರು 400 ಚದರ ಮೈಲಿಯ ಬೆಟ್ಟಸೀಮೆಗೆ ಅವರೊಬ್ಬರೇ ವೈದ್ಯರು; ನೆಗಡಿಯಿಂದ ಹೆರಿಗೆಯವರೆಗೆ ಎಲ್ಲಕ್ಕೂ ಅವರೇ. ಸ್ಮಿತ್ ಅವರು ವಾರಗಟ್ಟಲೆ ಅವರ ಬೆನ್ನು ಬಿಡದೆ ಓಡಾಡಿದರು. ಕ್ಯಾಮೆರಾ ಎದುರಿಗಿದ್ದರೆ ಯಾರಾದರೂ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾರೆ, ಮುಖದ ಮೇಲೆ ಒಂದು ಮುಖ ತಂದುಕೊಳ್ಳುತ್ತಾರೆ. ಅದು ಹೋಗಲೆಂದು ಸ್ಮಿತ್ ಆರಂಭದಲ್ಲಿ ಕ್ಯಾಮೆರಾದೊಳಗೆ ಫಿಲ್ಮನ್ನೇ ಹಾಕದೆ ಸುಮ್ಮನೆ ಒತ್ತುತ್ತಿದ್ದರಂತೆ. ವೈದ್ಯರು ಆ ಸದ್ದಿಗೆ ಒಗ್ಗಿಕೊಂಡು, ಪಕ್ಕದಲ್ಲಿ ಒಬ್ಬರಿದ್ದಾರೆ ಎಂಬುದನ್ನೇ ಮರೆತ ಮೇಲೆ ನಿಜವಾದ ಕೆಲಸ ಮೊದಲಾಯಿತು.

ಮಾಲೆಯ ಮೊದಲ ಚಿತ್ರದಲ್ಲಿ, ಕೈಯಲ್ಲಿ ಔಷಧದ ಚೀಲ ಹಿಡಿದು, ಕಳೆ ಬೆಳೆದ ಬಯಲಿನಲ್ಲಿ ಅವರು ನಡೆದು ಬರುತ್ತಿದ್ದಾರೆ. ಹಿಂದೆ ಬೇಲಿ, ಮೇಲೆ ಮೋಡ ಕವಿದ ಆಕಾಶ. ನಡುವೆ ಒಂದು ಹೆಣ್ಣುಮಗುವಿನ ಪ್ರಸಂಗವಿದೆ. ಕುದುರೆ ಒದ್ದು ಹಣೆ ಒಡೆದಿದೆ. ಹೊಲಿಗೆ ಹಾಕಿ ಮುಗಿಸಿದ ವೈದ್ಯರು ತಲೆ ಎತ್ತಿದ್ದಾರೆ, ಹುಬ್ಬು ಗಂಟಿಕ್ಕಿದೆ. ಮಗುವಿನ ಒಂದು ಕಣ್ಣು ಉಳಿಯುವುದಿಲ್ಲ ಎಂಬುದನ್ನು ಹೆತ್ತವರಿಗೆ ಹೇಗೆ ತಿಳಿಸಲಿ ಎಂದು ಆ ಕ್ಷಣದಲ್ಲಿ ಅವರು ಯೋಚಿಸುತ್ತಿದ್ದರೆಂಬುದನ್ನು ಅಡಿಬರಹದಿಂದ ತಿಳಿಯುತ್ತೇವೆ. ತಿಳಿದ ಮೇಲೆ ಮತ್ತೊಮ್ಮೆ ಆ ಮುಖವನ್ನು ನೋಡುತ್ತೇವೆ, ಮೊದಲು ಬರಿಯ ದಣಿವೆಂದುಕೊಂಡದ್ದು ಬೇರೆಯೇ ಆಗಿ ಕಾಣುತ್ತದೆ. ಚಿತ್ರಕ್ಕೆ ಮಾತಿನ ಹಂಗಿರಬಾರದು ಎನ್ನುವವರು ಇದ್ದಾರೆ. ಅವರ ಮಾತು ನನಗೆ ಪೂರ್ತಿ ಒಪ್ಪಿಗೆಯಾಗದಿರುವುದು ಈ ಒಂದು ಪುಟದಿಂದಾಗಿ.

ಇಷ್ಟೆಲ್ಲ ನೋಡಿದ ಮೇಲೆ ಆ ಅಡುಗೆಮನೆಯ ಚಿತ್ರ ಬರುತ್ತದೆ. ಶಸ್ತ್ರಚಿಕಿತ್ಸೆ ಮಾಡಿ ಹೆರಿಗೆ ಮಾಡಿಸಿದರೂ ತಾಯಿ ಮಗು ಇಬ್ಬರೂ ಉಳಿಯಲಿಲ್ಲ, ಅದರ ನಂತರದ ಗಳಿಗೆ ಇದು ಎಂದು ಈ ಚಿತ್ರದ ವಿಷಯ ಬರೆದವರು ಹೇಳುತ್ತಾರೆ. ಇದನ್ನೊಂದನ್ನೇ ಕತ್ತರಿಸಿ, ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರೆ ದಣಿದ ಮನುಷ್ಯನೊಬ್ಬನ ಸೊಗಸಾದ ಚಿತ್ರವಾಗಿ ನಿಲ್ಲುತ್ತದೆ; ಬಯಲಿನ ನಡಿಗೆ, ಮಗುವಿನ ಹಣೆ, ದಾರಿಯಲ್ಲಿ ತಡೆದು ನಿಲ್ಲಿಸಿದ ಕರೆಗಳು ಎಲ್ಲವೂ ಅದರ ಬೆನ್ನ ಹಿಂದಿದ್ದಾಗ ಮಾತ್ರ ಆ ವಾಲಿದ ಬಟ್ಟಲಿಗೆ ಅದರ ತೂಕ ಬರುತ್ತದೆ. ಲೈಫ್‌ನ ಅತ್ಯುತ್ತಮ ಚಿತ್ರಗಳೆಂದು ಇಂದು ಪುಸ್ತಕಗಳಲ್ಲಿ ಬಿಡಿಬಿಡಿಯಾಗಿ ಅಚ್ಚಾಗುವ ಚಿತ್ರಗಳನ್ನು ನೋಡುವಾಗಲೆಲ್ಲ ನನಗೆ ಕೀರ್ತನೆಯ ಕೊನೆಯ ಚರಣವನ್ನಷ್ಟೇ ಹಾಡಿ ಎದ್ದುಹೋದಂತೆ ಅನಿಸುತ್ತದೆ. ಚಿತ್ರದ ಬೆಲೆಯನ್ನು ಸಾಲಿನಲ್ಲಿ ಅದಕ್ಕಿರುವ ಜಾಗದಿಂದ ಅಳೆಯುವುದನ್ನು ಈ ಪತ್ರಿಕೆ ನನಗೆ ಕಲಿಸಿತು.

ಲ್ಯಾರಿ ಬರೋಸ್ ಅವರ ವಿಯೆಟ್ನಾಂ ಚಿತ್ರಗಳಲ್ಲೂ ಇದೇ ಕ್ರಮವಿದೆ. 1965ರ ಏಪ್ರಿಲ್ 16ರ ಸಂಚಿಕೆಯ ಆ ಚಿತ್ರಮಾಲೆ ‘ಯಾಂಕೀ ಪಾಪಾ 13’ ಎಂಬ ಹೆಲಿಕಾಪ್ಟರಿನ ಒಂದೇ ಒಂದು ಯಾತ್ರೆಯ ಕಥೆ. ಮೊದಲಿಗೆ, 21 ವರ್ಷದ ಸೈನಿಕನೊಬ್ಬ ದನಾಂಗ್ ಪಟ್ಟಣದ ಅಂಗಡಿಬೀದಿಯಲ್ಲಿ ಬಿಡುವಿನ ಹೊತ್ತು ಕಳೆಯುತ್ತಿದ್ದಾನೆ. ಆಮೇಲೆ ಹಾರಾಟ, ಗುಂಡು, ಅವನ ಕಾಲಬಳಿ ಸಾಯುತ್ತಿರುವ ಜೊತೆಗಾರ. ಕೊನೆಯಲ್ಲಿ ಸಾಮಾನಿನ ಕೊಠಡಿಯೊಂದರಲ್ಲಿ ಅದೇ ಹುಡುಗ ಮುಖ ಮುಚ್ಚಿಕೊಂಡು ಅಳುತ್ತಿದ್ದಾನೆ. ಅಂಗಡಿಬೀದಿಯ ಚಿತ್ರಗಳಿಲ್ಲದಿದ್ದರೆ ಈ ಅಳುವಿನ ಅರ್ಧ ನಮಗೆ ತಿಳಿಯುತ್ತಿರಲಿಲ್ಲ. ಬರೋಸ್ ಅವರೂ 1971ರಲ್ಲಿ ಲಾವೋಸಿನ ಮೇಲೆ ಹೆಲಿಕಾಪ್ಟರ್ ಉರುಳಿ ತೀರಿಕೊಂಡರು.

ಬಿಡಿಯಾಗಿಯೇ ನಿಲ್ಲುವ ಚಿತ್ರಗಳೂ ಇಲ್ಲವೆಂದಲ್ಲ. ನಮಗೆಲ್ಲ ಗೊತ್ತಿರುವುದು ಗಾಂಧೀಜಿಯ ಚರಕದ ಚಿತ್ರ. 1946ರಲ್ಲಿ ಪುಣೆಯಲ್ಲಿ ಇದನ್ನು ತೆಗೆದವರೂ ಬೋರ್ಕ್-ವೈಟ್ ಅವರೇ. ಮೊದಲು ನೂಲುವುದನ್ನು ಕಲಿತು ಬಾ, ಆಮೇಲೆ ಚಿತ್ರ ಎಂದು ಗಾಂಧೀಜಿಯ ಕಾರ್ಯದರ್ಶಿಗಳು ಹೇಳಿದರಂತೆ, ಆಕೆ ಕಲಿತರು. ಅಂದು ಬಾಪೂ ಅವರ ಮೌನದ ದಿನ, ಮಾತಾಡುವಂತಿಲ್ಲ. ಬೆಳಕಿಗೆ ಮೂರೇ ಫ್ಲ್ಯಾಶ್ ಬಲ್ಬುಗಳಿಗೆ ಅನುಮತಿ. ಮೊದಲೆರಡು ವ್ಯರ್ಥವಾಗಿ, ಮೂರನೆಯದು ಕೈಹಿಡಿಯಿತು. ಚಿತ್ರದಲ್ಲಿ ಮುಂದೆ ಇರುವುದು ಚರಕ. ಗಾಂಧೀಜಿ ಅದರ ಹಿಂದೆ ನೆಲದ ಮೇಲೆ ಕುಳಿತು, ಪತ್ರಿಕೆಯ ತುಣುಕುಗಳನ್ನು ಓದುತ್ತಿದ್ದಾರೆ. ಅವರು ನೂಲುತ್ತಿರುವ ಚಿತ್ರವೆಂದೇ ನಮ್ಮಲ್ಲಿ ಬಹಳ ಮಂದಿಯ ನೆನಪಿನಲ್ಲಿ ಅದು ಉಳಿದಿದೆ, ನನ್ನ ನೆನಪಿನಲ್ಲೂ ಹಾಗೆಯೇ ಇತ್ತು.

ಮೈಸೂರಿನ ಟಿ.ಎಸ್. ಸತ್ಯನ್ ಅವರ ಚಿತ್ರಗಳೂ ಲೈಫ್ ಪತ್ರಿಕೆಗೆ ಹೋದವು ಎಂಬುದನ್ನು ಇಲ್ಲಿ ಸ್ಮರಿಸಬೇಕು. ಗದ್ದಲದ ಘಟನೆಗಳಿಗಿಂತ ಮಕ್ಕಳ ಆಟ, ಬಡವರ ದಿನಚರಿ ಅವರ ಕಣ್ಣಿಗೆ ಬೀಳುತ್ತಿದ್ದವು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳ ಪ್ರದರ್ಶನವನ್ನು ಯುನಿಸೆಫ್ ಏರ್ಪಡಿಸಿತ್ತು. ಕಾಯುವ ತಾಳ್ಮೆಯ ವಿಷಯದಲ್ಲಿ ಸತ್ಯನ್ ಅವರೂ ಸ್ಮಿತ್ ಅವರ ವಂಶದವರೇ.

ಸ್ಮಿತ್ ಅವರನ್ನು ಹೊಗಳಿದ್ದೇ ಆಯಿತು, ಅವರ ಇನ್ನೊಂದು ಮುಖವನ್ನು ಮರೆಮಾಚುವುದು ನ್ಯಾಯವಲ್ಲ. ಆಫ್ರಿಕದಲ್ಲಿ ಆಸ್ಪತ್ರೆ ನಡೆಸುತ್ತಿದ್ದ ವೈದ್ಯ ಆಲ್ಬರ್ಟ್ ಶ್ವೈಟ್ಜರ್ ಅವರ ಒಂದು ಚಿತ್ರದಲ್ಲಿ ಮುಂಭಾಗದ ಗರಗಸದ ಹಿಡಿಯನ್ನೂ ಕೈಯ ನೆರಳನ್ನೂ ಅವರು ಬೇರೊಂದು ನೆಗೆಟಿವ್‌ನಿಂದ ತಂದು ಕತ್ತಲೆಕೋಣೆಯಲ್ಲಿ ಸೇರಿಸಿದ್ದರು. 1951ರ ಸ್ಪೇನಿನ ಹಳ್ಳಿಯ ಚಿತ್ರಮಾಲೆಯಲ್ಲಿ, ಹೆಣದ ಸುತ್ತ ಕುಳಿತ ಹೆಂಗಸರಲ್ಲಿ ಕ್ಯಾಮೆರಾ ಕಡೆಗೆ ತಿರುಗಿದ್ದ ಕಣ್ಣುಗಳ ನೋಟವನ್ನು ಮುದ್ರಿಸುವಾಗ ತಿದ್ದಿ ಬದಲಿಸಿದರು. ಚಿತ್ರಗಳನ್ನು ಪುಟದಲ್ಲಿ ಹೇಗೆ ಜೋಡಿಸಬೇಕೆಂಬುದರ ಮೇಲೆ ಸಂಪಾದಕರೊಡನೆ ಜಗಳವಾಡಿ 1954ರಲ್ಲಿ ಪತ್ರಿಕೆಯನ್ನೇ ಬಿಟ್ಟು ಹೊರಟ ಮನುಷ್ಯ, ತನ್ನ ಚಿತ್ರದ ಒಳಗೆ ಇಷ್ಟು ಸ್ವಾತಂತ್ರ್ಯ ವಹಿಸಿದ್ದ. ತಾನು ಕಂಡ ಸತ್ಯವನ್ನು ಹೇಳುವುದಕ್ಕಾಗಿ ಮಾಡಿದ್ದೆಂದು ಅವರ ಅಭಿಮಾನಿಗಳು ವಾದಿಸುತ್ತಾರೆ. ನಾನೂ ಅಭಿಮಾನಿಯೇ, ಆದರೆ ಆ ಹೆಂಗಸರು ಕ್ಯಾಮೆರಾವನ್ನು ನೋಡಿದ್ದೂ ಅಲ್ಲಿ ನಡೆದ ಸತ್ಯವೇ ಆಗಿತ್ತಲ್ಲವೆ?

ಪತ್ರಿಕೆ ಬಿಟ್ಟ ಸ್ಮಿತ್ ಅವರ ಚಿತ್ರಗಳು ಬಹುಕಾಲದ ಮೇಲೆ, 1972ರ ಜೂನ್ 2ರ ಸಂಚಿಕೆಯಲ್ಲಿ ಮತ್ತೆ ಲೈಫ್‌ನ ಪುಟಗಳಿಗೆ ಬಂದವು. ಈ ಬಾರಿ ಜಪಾನಿನ ಮಿನಮಾತಾ. ಕಾರ್ಖಾನೆಯೊಂದು ಸಮುದ್ರಕ್ಕೆ ಬಿಟ್ಟ ಪಾದರಸದ ವಿಷ ಮೀನಿಗೆ ಸೇರಿ, ಮೀನಿನಿಂದ ಮನುಷ್ಯರಿಗೆ ಸೇರಿ, ಬಸಿರಿನಲ್ಲಿದ್ದ ಕೂಸುಗಳ ನರಮಂಡಲವನ್ನೂ ಬಿಡದೆ ಹಾಳುಗೆಡವಿತ್ತು. ಸ್ಮಿತ್ ಅವರೂ ಅವರ ಪತ್ನಿ ಐಲೀನ್ ಅವರೂ ಅಲ್ಲಿ ಮನೆ ಮಾಡಿಕೊಂಡು ಮೂರು ವರ್ಷ ಇದ್ದರು. ಕಾರ್ಖಾನೆಯ ಆವರಣವೊಂದರಲ್ಲಿ ನಡೆದ ಹಲ್ಲೆಯಲ್ಲಿ ಸ್ಮಿತ್ ಅವರಿಗೆ ದೃಷ್ಟಿಗೇ ಕುತ್ತು ತಂದ ಪೆಟ್ಟು ಬಿತ್ತು. ಅಲ್ಲಿ ತೆಗೆದವುಗಳಲ್ಲಿ ತಾಯಿಯೊಬ್ಬರು ಕಾಯಿಲೆಯ ಮಗಳಿಗೆ ಸ್ನಾನ ಮಾಡಿಸುತ್ತಿರುವ ಚಿತ್ರವನ್ನು ಜಗತ್ತೆಲ್ಲ ನೋಡಿತು, ಮಿನಮಾತಾದ ಹೆಸರು ಅದರಿಂದಲೇ ಮನೆಮಾತಾಯಿತು. ಆ ಮಗಳು 1977ರಲ್ಲಿ ತೀರಿಕೊಂಡಳು. ಮುಂದೆ, ಆ ಚಿತ್ರ ಮತ್ತೆ ಮತ್ತೆ ಅಚ್ಚಾಗುತ್ತಲೇ ಇರುವುದು ಸಾಕು, ಮಗಳಿಗೆ ವಿಶ್ರಾಂತಿ ಬೇಕು ಎಂದು ಹೆತ್ತವರು ಬಯಸಿದಾಗ, 1998ರಲ್ಲಿ ಐಲೀನ್ ಅವರು ಆ ಚಿತ್ರದ ಮೇಲಿನ ತೀರ್ಮಾನವನ್ನು ಅವರಿಗೇ ಬಿಟ್ಟುಕೊಟ್ಟರು.

ಲೈಫ್ ಪತ್ರಿಕೆ ವಾರಪತ್ರಿಕೆಯಾಗಿ ನಿಂತದ್ದು ಅದೇ 1972ರ ಡಿಸೆಂಬರ್ 29ರ ಸಂಚಿಕೆಯೊಡನೆ. ಆ ಜೂನ್ ಸಂಚಿಕೆಯ ಇತರ ಚಿತ್ರಗಳ ವಿಷಯ ಇನ್ನೂ ಹೇಳಬಹುದಿತ್ತು. ಸ್ನಾನದ ಚಿತ್ರದಲ್ಲಿ ಏನೇನಿದೆ ಎಂಬುದನ್ನು ಮಾತ್ರ, ಇದುವರೆಗೆ ಉಳಿದವುಗಳನ್ನು ವಿವರಿಸಿದ ಹಾಗೆ, ನಾನು ವಿವರಿಸುವುದಿಲ್ಲ.

ನಮಸ್ಕಾರ.