ಪಕ್ಕದ ಬೆಂಚಿನವರಿಗಾಗಿ ಒಂದು ಕ್ಲಬ್

ಕೇಳುಗರಿಗೆಲ್ಲ ನಮಸ್ಕಾರ. ಕಷ್ಟದಲ್ಲಿರುವ ಸಹಪಾಠಿಗಳಿಗೆ ನೆರವಾಗಲು ಶಾಲೆಯಲ್ಲಿ ಮಕ್ಕಳೇ ಕಟ್ಟುವ ಸೇವಾ ಕ್ಲಬ್ಬಿನ ಬಗ್ಗೆ ಇವತ್ತಿನ ಮಾತು.

1995ರ ಏಪ್ರಿಲ್. ಕೆನಡಾದಲ್ಲಿ ಕ್ರೇಗ್ ಕೀಲ್‌ಬರ್ಗರ್ ಎಂಬ ಹನ್ನೆರಡು ವರ್ಷದ ಹುಡುಗ ವ್ಯಂಗ್ಯಚಿತ್ರಗಳಿಗಾಗಿ ದಿನಪತ್ರಿಕೆ ತಿರುವುತ್ತಿದ್ದ. ಕಣ್ಣಿಗೆ ಬಿದ್ದದ್ದು ಒಂದು ಕೊಲೆಯ ಸುದ್ದಿ. ಸತ್ತವನು ಪಾಕಿಸ್ತಾನದ ಇಕ್ಬಾಲ್ ಮಸಿಹ್; ಮನೆಯವರ ಸಾಲಕ್ಕಾಗಿ ಎಳವೆಯಲ್ಲೇ ಜೀತಕ್ಕೆ ಸೇರಿ ರತ್ನಗಂಬಳಿ ನೇಯುತ್ತಿದ್ದವನು, ಬಿಡಿಸಿಕೊಂಡು ಬಂದ ಮೇಲೆ ಬಾಲಕಾರ್ಮಿಕ ಪದ್ಧತಿಯ ವಿರುದ್ಧ ದನಿ ಎತ್ತಿದವನು. ಕ್ರೇಗ್ ಆ ಸುದ್ದಿಯನ್ನು ತರಗತಿಗೆ ಒಯ್ದು ಸಹಪಾಠಿಗಳಿಗೆ ಹೇಳಿದ, ಜೊತೆಗೆ ಯಾರು ಬರುತ್ತೀರಿ ಎಂದು ಕೇಳಿದ. ಬಾಲಕಾರ್ಮಿಕ ಪದ್ಧತಿಯ ವಿರುದ್ಧ ಮಕ್ಕಳೇ ಕಟ್ಟಿದ ‘ಫ್ರೀ ದಿ ಚಿಲ್ಡ್ರನ್’ ಸಂಸ್ಥೆ ಹುಟ್ಟಿದ್ದು ಹಾಗೆ.

ಶಾಲಾ ಸೇವಾ ಕ್ಲಬ್ಬುಗಳ ಚರಿತ್ರೆ ಇದಕ್ಕಿಂತ ಹಳೆಯದು. ಅಮೆರಿಕದ ಸ್ಯಾಕ್ರಮೆಂಟೊದಲ್ಲಿ 1925ರಲ್ಲೇ ಕೀ ಕ್ಲಬ್ ಶುರುವಾಗಿತ್ತು. ರೋಟರಿ ಸೇವಾ ಸಂಸ್ಥೆಯವರ ಇಂಟರಾಕ್ಟ್ ಕ್ಲಬ್ ಬಂದದ್ದು 1962ರಲ್ಲಿ; ಈಗ ಅದು ಹನ್ನೆರಡರಿಂದ ಹದಿನೆಂಟು ವರ್ಷದವರೆಗಿನವರಿಗೆ.

ದೂರದ ಮಗುವಿನ ಕಷ್ಟಕ್ಕೆ ಮರುಗುವುದು ಸುಲಭ. ಪಕ್ಕದ ಬೆಂಚಿನವನ ಕಷ್ಟ ಕಾಣುವುದೇ ಇಲ್ಲ. ಪ್ರವಾಸದ ದಿನ ಹೊಟ್ಟೆನೋವು ಎಂದು ಉಳಿದುಬಿಟ್ಟವಳು, ಕಂಪಾಸು ಮರೆತೆ ಎಂದು ದಿನವೂ ಬೈಸಿಕೊಳ್ಳುವವನು, ಇವರು ಯಾವ ಅರ್ಜಿಯನ್ನೂ ಬರೆಯುವುದಿಲ್ಲ. ಆದರೆ ಕ್ಲಾಸ್ ಟೀಚರಿಗೆ ಗೊತ್ತಿರುತ್ತದೆ. ಕ್ಲಬ್ಬಿನವರು ಅವರ ಬಳಿ ಹೋಗಿ ಕೇಳಬೇಕಾದದ್ದು ಹೆಸರುಗಳನ್ನಲ್ಲ. ಶೂ ಎಷ್ಟು ಜೊತೆ, ಯಾವ ಅಳತೆ? ಕಂಪಾಸು ಎಷ್ಟು? ಅಷ್ಟು ಸಾಕು. ಹೊಂದಿಸಿ ಟೀಚರ ಕೈಗೇ ಕೊಟ್ಟುಬಿಡಿ, ಅವರು ತಲುಪಿಸುತ್ತಾರೆ.

ಇಲ್ಲಿಗೆ ಬಂದಾಗ ಕೆಲವರ ಮುಖ ಸಪ್ಪಗಾಗುತ್ತದೆ. ಹಾಗಾದರೆ ಕಾರ್ಯಕ್ರಮ ಬೇಡವೇ? ವೇದಿಕೆ, ಬ್ಯಾನರು, ಫೋಟೋ? ಒಂದು ಸಲ ಆ ವೇದಿಕೆಯ ಮೇಲೆ ನಿಂತ ಹುಡುಗಿಯ ಜಾಗದಲ್ಲಿ ನಿಂತು ನೋಡಿ. ಬ್ಯಾಗಿನ ಒಂದು ಪಟ್ಟಿ ಅವಳ ಕೈಯಲ್ಲಿ, ಇನ್ನೊಂದು ಅತಿಥಿಗಳ ಕೈಯಲ್ಲಿ. ಫೋಟೋ ಸರಿ ಬರಲಿಲ್ಲ, ಇನ್ನೊಮ್ಮೆ ಹಿಡಿದುಕೊಳ್ಳಮ್ಮ ಎನ್ನುತ್ತಾರೆ. ನಾಳೆ ಅದೇ ಬ್ಯಾಗು ಹೊತ್ತು ಅದೇ ತರಗತಿಗೆ ಬರಬೇಕು. ಅದಕ್ಕಿಂತ ಹಳೆಯ ಹರಕು ಬ್ಯಾಗೇ ವಾಸಿ ಎಂದು ಅವಳಿಗೆ ಅನ್ನಿಸಿದರೆ ತಪ್ಪೇನು? 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ ಹದಿನೈದನೆಯ ವಿಧಿ ಮಕ್ಕಳಿಗೆ ಸಂಘ ಕಟ್ಟುವ ಹಕ್ಕು ಕೊಡುತ್ತದೆ. ಮುಖ್ಯೋಪಾಧ್ಯಾಯರ ಬಳಿ ಅನುಮತಿ ಕೇಳಲು ಹೋಗುವವರು ಧಾರಾಳವಾಗಿ ಉಲ್ಲೇಖಿಸಬಹುದು. ಆದರೆ ಅದರ ಮರುಸಾಲಿನಲ್ಲೇ ಇರುವ ಹದಿನಾರನೆಯ ವಿಧಿ ಮಗುವಿನ ಖಾಸಗಿತನ ಮತ್ತು ಗೌರವವನ್ನು ಕಾಯುತ್ತದೆ. ಅದನ್ನೂ ಓದಿಕೊಂಡೇ ಹೋಗಿ.

ಇನ್ನು ಸಾಮಾನು ಸಂಗ್ರಹ. ಪೆಟ್ಟಿಗೆ ಇಟ್ಟರೆ ತುಂಬುತ್ತದೆ, ಏನೇನೋ ತುಂಬುತ್ತದೆ! ಒಣಗಿದ ಸ್ಕೆಚ್ ಪೆನ್ನು, ಜಿಪ್ ಕಿತ್ತ ಪೌಚು, ಕಾಲರಿನ ಒಳಗೆ ಬೇರೆಯವರ ಹೆಸರು ಹೊಲಿದ ಅಂಗಿ. ನಿಜವಾದ ಕೆಲಸ ಶುರುವಾಗುವುದು ಆಗ. ಪ್ರತಿ ಪೆನ್ನನ್ನೂ ರದ್ದಿಕಾಗದದ ಮೇಲೆ ಗೀಚಿ ನೋಡಬೇಕು, ಹೆಸರಿನ ಹೊಲಿಗೆ ಬಿಚ್ಚಬೇಕು, ಗುಂಡಿ ಹಾಕಬೇಕು. ನೀವು ಹಾಕಿಕೊಳ್ಳದ್ದನ್ನು ಕೊಡಬೇಡಿ. ಹಣ ಸಂಗ್ರಹಿಸಿದರೆ ಲೆಕ್ಕ ಇಬ್ಬರು ಬರೆಯಲಿ, ಸೂಚನಾಫಲಕದಲ್ಲಿ ಹಾಕಲಿ.

ನನ್ನ ಕೇಳಿದರೆ, ಸಾಮಾನಿಗಿಂತ ಹೆಚ್ಚು ಬೆಲೆಯುಳ್ಳದ್ದು ಸಮಯ. ವಾರಕ್ಕೊಂದು ದಿನ, ಶಾಲೆ ಬಿಟ್ಟ ಮೇಲೆ, ಓದಲು ತಡವರಿಸುವ ಕೆಳತರಗತಿಯ ಮಗುವಿನ ಪಕ್ಕ ಕೂತು ಓದಿಸುವುದು. ತಪ್ಪಿಸಬಾರದು, ಅಷ್ಟೇ. ಆ ಮಗು ಕಾಯುತ್ತಿರುತ್ತದೆ. ಹೀಗೆ ಹತ್ತಿರವಾದ ಮಗು ಒಂದು ದಿನ, ಮನೆಯಲ್ಲಿ ಹೊಡೆಯುತ್ತಾರೆ ಎಂದು ಹೇಳಿಬಿಡಬಹುದು. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡಬೇಡಿ. ಸಮಾಧಾನವಾಗಿ ಕೇಳಿ, ಅಂದೇ ನಂಬಿಕಸ್ಥ ಶಿಕ್ಷಕರಿಗೆ ತಿಳಿಸಿ. ಅದು ಹದಿನೈದರ ಹೆಗಲು ಹೊರುವ ಭಾರವಲ್ಲ.

ಇಂಥ ಕ್ಲಬ್ಬುಗಳು ನಿಲ್ಲುವುದು ಜಗಳದಿಂದಲ್ಲ, ಪರೀಕ್ಷೆಯಿಂದ. ಕಟ್ಟಿದವರು ಕೊನೆಯ ವರ್ಷ ಮುಗಿಸಿ ಹೋಗುತ್ತಾರೆ, ಬೀರುವಿನ ಬೀಗದಕೈ ಎಲ್ಲಿ ಎಂದು ಉಳಿದವರಿಗೆ ಗೊತ್ತಿರುವುದಿಲ್ಲ. ಅದಕ್ಕೇ ಕಾರ್ಯದರ್ಶಿಯನ್ನು ಮೊದಲಿನಿಂದಲೂ ಕೆಳತರಗತಿಯಿಂದ ಆರಿಸಿ. ಕಳೆದ ವರ್ಷ ಯಾವ ಅಳತೆಯ ಶೂ ಸಾಲಲಿಲ್ಲ, ಯಾವ ತಿಂಗಳಲ್ಲಿ ಕೇಳಿದರೆ ಜನ ಕೊಡುತ್ತಾರೆ, ಓದಿಸಲು ಯಾವ ಕೋಣೆ ಖಾಲಿ ಇರುತ್ತದೆ ಎಂಬುದೆಲ್ಲ ಅವರಿಗೆ ಕೊಡುವ ಪುಸ್ತಕದಲ್ಲಿರಲಿ. ಪಡೆದ ಮಕ್ಕಳ ಹೆಸರು ಮಾತ್ರ ಅದರಲ್ಲಿ ಬೇಡ.