ಮೆನಿಸ್ಕಸ್ ತೆಗೆಸಿದವರೇ, ಸವೆಯುವ ಮೊದಲು ಬನ್ನಿ

ಕೇಳುಗರಿಗೆಲ್ಲ ನಮಸ್ಕಾರ. ಕಬಡ್ಡಿ ಆಡುವವರು, ಕಂಬಳದ ಗದ್ದೆಯಲ್ಲಿ ಓಡುವವರು, ಯಕ್ಷಗಾನದಲ್ಲಿ ಕುಣಿಯುವವರು ಇವತ್ತು ಸ್ವಲ್ಪ ಗಮನ ಕೊಟ್ಟು ಕೇಳಿ, ಮೊಣಗಂಟಿನ ಮೆನಿಸ್ಕಸ್ ಕಸಿಯ ಬಗ್ಗೆ ಹೇಳುತ್ತೇನೆ.

ಮೊಣಗಂಟಿನ ಎರಡು ಎಲುಬುಗಳ ನಡುವೆ, ನಲ್ಲಿಯ ವಾಷರ್ ಹಾಗೆ, ಮೆನಿಸ್ಕಸ್ ಅನ್ನುವ ಎರಡು ಮೆತ್ತೆಗಳಿವೆ. ಗಂಟಿಗೆ ಬೀಳುವ ಭಾರದಲ್ಲಿ ಅರ್ಧಕ್ಕರ್ಧ ಇವೇ ಹೊರುತ್ತವೆ. ಕಾಲು ಊರಿ ಗಕ್ಕನೆ ತಿರುಗಿದರೆ ಹರಿಯುತ್ತವೆ. ಹರಿದದ್ದನ್ನು ಪೂರ್ತಿ ತೆಗೆದರೆ ಆ ಭಾರ ಎಲುಬಿನ ತುದಿಯ ನುಣುಪಾದ ಹೊದಿಕೆಯಾದ ಕಾರ್ಟಿಲೇಜ್ ಮೇಲೆಯೇ ಬೀಳುತ್ತದೆ. ಕಾರ್ಟಿಲೇಜ್ ಸವೆದರೆ ಮತ್ತೆ ಮೊದಲಿನಂತೆ ಬೆಳೆಯುವುದಿಲ್ಲ. ಮೆನಿಸ್ಕಸ್ ತೆಗೆದ ಗಂಟಿನಲ್ಲಿ ಆಗುವ ಬದಲಾವಣೆಯನ್ನು ಬ್ರಿಟನ್ನಿನ ಡಾಕ್ಟರ್ ಫೇರ್‌ಬ್ಯಾಂಕ್ 1948ರಲ್ಲೇ ಎಕ್ಸ್‌ರೇಯಲ್ಲಿ ತೋರಿಸಿದ್ದರು. ಹಾಗಾಗಿ ಸವೆಯುವ ಮೊದಲು ಬನ್ನಿ.

ಯಕ್ಷಗಾನದಲ್ಲಿ ಪುಂಡುವೇಷ, ಅಂದರೆ ಚುರುಕಾಗಿ ಕುಣಿಯುವ ತರುಣ ವೀರರ ಪಾತ್ರ, ಮಾಡುವ ಕಲಾವಿದರೊಬ್ಬರಿದ್ದರು. ಅವರು ಧೀಂಗಿಣ, ಅಂದರೆ ಗಿರ್ರನೆ ತಿರುಗುತ್ತಾ ಹಾರುವ ಕುಣಿತ, ಶುರುಮಾಡಿದರೆ ಸಭೆಯಲ್ಲಿ ಮಕ್ಕಳು ಬಾಯಿಬಿಟ್ಟು ಎಣಿಸುತ್ತಿದ್ದರು. ಎಲ್ಲೋ ಮೆನಿಸ್ಕಸ್ ತೆಗೆಸಿ, ನೋವು ಇಳಿದದ್ದೇ ಗೆಜ್ಜೆ ಕಟ್ಟಿದರು. ಆಮೇಲೆ ಬೆಳಿಗ್ಗೆ ವೇಷ ಕಳಚುವ ಹೊತ್ತಿಗೆ ಗಂಟು ಬಾತು, ಇಜಾರು ಎಳೆಯಲಿಕ್ಕೆ ಇನ್ನೊಬ್ಬರು ಬೇಕಾಗುತ್ತಿತ್ತು. ನಾನು ಬೈದೆ. "ಪತ್ತನಾಜೆ ಕಳೆಯಲಿ ಡಾಕ್ಟ್ರೇ, ಮತ್ತೆ ನೋಡುವ" ಅಂದರು. ಪತ್ತನಾಜೆ ಕಳೆದು ಮೇಳಗಳ ತಿರುಗಾಟವೂ ಮುಗಿಯಿತು. ಮಳೆಗಾಲದಲ್ಲಿ ಇವರು ಚಿಕ್ಕಮೇಳದ ಜೊತೆ ಮನೆ ಮನೆ ತಿರುಗಿ ಕುಣಿದರು! ಕಡೆಗೆ ಹೆಂಡತಿಯೇ ಎಳೆದುಕೊಂಡು ಬಂದರು. ಪುಣ್ಯಕ್ಕೆ ಕಾರ್ಟಿಲೇಜ್ ಇನ್ನೂ ಉಳಿದಿತ್ತು. ತೀರಿಹೋದ ದಾನಿಯೊಬ್ಬರ ಮೆನಿಸ್ಕಸ್ಸನ್ನು, ಅಳತೆ ಸರಿಹೊಂದಿಸಿ, ಸಣ್ಣ ತೂತಿನ ಆಪರೇಷನ್ನಿನಲ್ಲಿ ಕೂರಿಸಿ ಹೊಲಿದದ್ದಾಯಿತು. ವಾರಗಟ್ಟಲೆ ಊರುಗೋಲು, ಆಮೇಲೆ ತಿಂಗಳುಗಟ್ಟಲೆ ವ್ಯಾಯಾಮ. ಈಗ ಮೆಟ್ಟಿಲು ಆರಾಮವಾಗಿ ಹತ್ತುತ್ತಾರೆ. ಧೀಂಗಿಣ ಮಾತ್ರ ಬಿಡಿಸಿದ್ದೇನೆ. ಅದಕ್ಕೆ ನನ್ನ ಮೇಲೆ ಇನ್ನೂ ಮುನಿಸು.

ಅಯ್ಯೋ, ಸಮಯ ಆಗಿಯೇ ಹೋಯಿತು. ಬೇಗ ಹೇಳಿ ಮುಗಿಸುತ್ತೇನೆ. ಈ ಕಸಿ ಹೊಸದೇನಲ್ಲ, ಜರ್ಮನಿಯಲ್ಲಿ 1984ರಲ್ಲೇ ಮಾಡಿದ್ದಾರೆ. ಕಿಡ್ನಿ ಕಸಿಯ ಹಾಗೆ ಜೀವನಪೂರ್ತಿ ಮದ್ದು ತಿನ್ನಬೇಕಾಗಿಲ್ಲ. ಮೆನಿಸ್ಕಸ್ ಹೋಗಿ ನೋವು ಇರುವ, ಸುಮಾರು ಐವತ್ತರೊಳಗಿನವರಿಗೆ ಇದು. ಕಾಲು ನೇರ ಇರಬೇಕು, ಎಲುಬುಗಳನ್ನು ಹಿಡಿದಿಡುವ ಲಿಗಮೆಂಟ್ ಗಟ್ಟಿ ಇರಬೇಕು. ಕಾರ್ಟಿಲೇಜ್ ಪೂರ್ತಿ ಸವೆದ ಮೇಲೆ ಬಂದರೆ ನಾವು ಏನು ಕಸಿ ಮಾಡುವುದು, ಹೇಳಿ? ಸುಮ್ನೆ ಎಣ್ಣೆ ತಿಕ್ಕಿಕೊಂಡು ವರ್ಷ ಕಳೆಯಬೇಡಿ. ಸವೆಯುವ ಮೊದಲು ಬನ್ನಿ ಅಂತ ಎಷ್ಟು ಸಲ ಹೇಳುವುದು!

ಬರುವಾಗ ಹಳೆಯ ಆಪರೇಷನ್ನಿನ ಕಾಗದ ತನ್ನಿ, ಮನೆಯಲ್ಲಿ ಎಲ್ಲಿಟ್ಟಿದ್ದೀರೋ ಹುಡುಕಿ. ಎಕ್ಸ್‌ರೇ ನಿಂತುಕೊಂಡೇ ತೆಗೆಸಿ. ಮಲಗಿಸಿ ತೆಗೆದದ್ದರಲ್ಲಿ ಸವೆತ ಸರಿಯಾಗಿ ಗೊತ್ತಾಗುವುದಿಲ್ಲ. ನಮಸ್ಕಾರ.