ಹಳೆಯ ಯಂತ್ರಕ್ಕೂ ಹೊಸ ಸರ್ವರ್‌ಗೂ ನಡುವೆ ಒಂದು ಪೆಟ್ಟಿಗೆ

ನಮಸ್ಕಾರ. ಗದಗ ಮುದ್ರಣಕ್ಕೆ ಹೆಸರಾದ ಊರು. ಅಲ್ಲಿನ ಒಂದು ಪ್ರೆಸ್ಸಿನಲ್ಲಿ ವಿಂಡೋಸ್ 98 ಇರುವ ಕಂಪ್ಯೂಟರ್ ಇಂದಿಗೂ ದಿನವೂ ಚಾಲೂ ಆಗುತ್ತದೆ. ಪುಟ ಜೋಡಿಸುವ ಪೇಜ್‌ಮೇಕರ್ ತಂತ್ರಾಂಶದಲ್ಲಿ ಹಳೆಯ ಕನ್ನಡ ಫಾಂಟುಗಳಿಂದ ಜೋಡಿಸಿಟ್ಟ ನೂರಾರು ಪುಟಗಳು ಅಲ್ಲಿ ಮಾತ್ರ ಅಕ್ಷರ ಒಡೆಯದೆ ತೆರೆದುಕೊಳ್ಳುತ್ತವೆ. ಹುಬ್ಬಳ್ಳಿಯಿಂದ ಹೋಗಿ ಆ ಯಂತ್ರವನ್ನು ನೋಡಿಕೊಳ್ಳುವ ನನ್ನನ್ನು ಅನೇಕರು ಕೇಳಿದ್ದಾರೆ: ಇದನ್ನು ಗುಜರಿಗೆ ಹಾಕಬಾರದೇ? ಆ ಪುಟಗಳು ಬೇಕಾಗಿರುವವರೆಗೆ ಹಾಕಕೂಡದು ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಅವನ್ನು ಹೊಸ ಸರ್ವರ್‌ಗೆ ತರಲೆಂದು ಇಡೀ ಕಚೇರಿಯ ಬಾಗಿಲನ್ನು ತೆರೆದಿಡುವುದೂ ತಪ್ಪು.

ಜಾಲದ ಮೂಲಕ ಕಡತ ಹಂಚಿಕೊಳ್ಳಲು ವಿಂಡೋಸ್ ಯಂತ್ರಗಳು ಆಡುವ ಭಾಷೆ, ಅಂದರೆ ಪ್ರೊಟೊಕಾಲ್, ಎಸ್‌ಎಂಬಿ. ವಿಂಡೋಸ್ 98ಕ್ಕೆ ಗೊತ್ತಿರುವುದು ಅದರ ಮೊದಲ ಆವೃತ್ತಿ ಮಾತ್ರ. ಲಿನಕ್ಸ್ ಸರ್ವರ್‌ನಲ್ಲಿ ಆ ಭಾಷೆಯನ್ನಾಡುವ ಸಾಂಬಾ ಎಂಬ ತಂತ್ರಾಂಶ, 2019ರಲ್ಲಿ ಬಂದ ತನ್ನ 4.11ನೇ ಆವೃತ್ತಿಯಿಂದ ಈ ಮೊದಲ ಆವೃತ್ತಿಯನ್ನು ತಾನಾಗಿ ಆಡುವುದನ್ನು ನಿಲ್ಲಿಸಿದೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ದಾಳಿ ಜಗತ್ತಿನಾದ್ಯಂತ ಹರಡಿದ್ದು ವಿಂಡೋಸ್‌ನ ಇದೇ ಹಳೆಯ ಎಸ್‌ಎಂಬಿಯಲ್ಲಿದ್ದ ದೋಷದ ಮೂಲಕ. ಅದಕ್ಕೆ ಪರಿಹಾರವಾದ ತಿದ್ದುಪಡಿ ಮಾರ್ಚ್ ತಿಂಗಳಲ್ಲೇ ಬಂದಿದ್ದರೂ ಹಾಕಿಕೊಳ್ಳದ ಯಂತ್ರಗಳು ಬಲಿಯಾದವು. ಹೀಗಿದ್ದರೂ ನಾನು ನೋಡಿದ ಒಂದು ಕಚೇರಿಯಲ್ಲಿ, ಒಂದೇ ಹಳೆಯ ಯಂತ್ರಕ್ಕೋಸ್ಕರ ಮುಖ್ಯ ಸರ್ವರ್‌ನ ಕನಿಷ್ಠ ಪ್ರೊಟೊಕಾಲನ್ನು ಎನ್‌ಟಿ1ಕ್ಕೆ (ಆ ಮೊದಲ ಆವೃತ್ತಿಗೆ ಸಾಂಬಾ ಬಳಸುವ ಹೆಸರು) ಇಳಿಸಿ, ಲೆಕ್ಕಪತ್ರಗಳಿದ್ದ ಫೋಲ್ಡರ್‌ಗಳನ್ನೂ ಅದೇ ಹಾದಿಗೆ ತಂದಿಟ್ಟಿದ್ದರು. ಅದನ್ನು ಕಂಡು ನನಗೆ ನಿಜಕ್ಕೂ ಸಂಕಟವಾಯಿತು.

ಗದಗದಲ್ಲಿ ನಾವು ಮಾಡಿದ್ದು ಬೇರೆ. ಎರಡು ನೆಟ್‌ವರ್ಕ್ ಕಾರ್ಡುಗಳಿರುವ ಒಂದು ಹಳೆಯ ಪಿಸಿಗೆ ಲಿನಕ್ಸ್ ಹಾಕಿ ನಡುವೆ ಇಟ್ಟೆವು. ಒಂದು ಕಾರ್ಡಿನ ಕೇಬಲ್ ನೇರವಾಗಿ ವಿಂಡೋಸ್ 98ಕ್ಕೆ ಹೋಗುತ್ತದೆ, ಎನ್‌ಟಿ1 ನಡೆಯುವುದು ಆ ಬದಿಯಲ್ಲಷ್ಟೇ. ಇನ್ನೊಂದು ಕಾರ್ಡು ಕಚೇರಿಯ ಜಾಲಕ್ಕೆ ಸೇರಿದೆ. ಒಂದು ಬದಿಯ ಪ್ಯಾಕೆಟ್ ಇನ್ನೊಂದಕ್ಕೆ ದಾಟದಂತೆ ಫಾರ್ವರ್ಡಿಂಗ್ ಬಂದ್ ಆಗಿದೆ. ಪುಟಗಳು ಮೊದಲು ಈ ಪೆಟ್ಟಿಗೆಯ ಡಿಸ್ಕಿಗೆ ಬರುತ್ತವೆ, ರಾತ್ರಿ ಆರ್‌ಸಿಂಕ್ ಎಂಬ ನಕಲು ಮಾಡುವ ಸಾಧನ ಅವನ್ನು ಮುಖ್ಯ ಸರ್ವರ್‌ಗೆ ನಕಲು ಮಾಡುತ್ತದೆ. ಪಾಸ್‌ವರ್ಡಿನ ವಿಷಯದಲ್ಲಿ ಮಾತ್ರ ಬಹಳ ಎಚ್ಚರ ಬೇಕು. ವಿಂಡೋಸ್ 98 ಪಾಸ್‌ವರ್ಡ್ ಪರೀಕ್ಷೆಗೆ ಬಳಸುವ ಹಳೆಯ ಲ್ಯಾನ್‌ಮ್ಯಾನ್ ವಿಧಾನವು ಪಾಸ್‌ವರ್ಡನ್ನು ದೊಡ್ಡಕ್ಷರಕ್ಕೆ ತಿರುಗಿಸಿ, 14 ಅಕ್ಷರಗಳಿಗೆ ಮಿತಿಗೊಳಿಸಿ, ಏಳೇಳರ ಎರಡು ತುಂಡುಗಳಾಗಿ ಸಂಸ್ಕರಿಸುವುದರಿಂದ ಅದನ್ನು ಒಡೆಯುವುದು ಸುಲಭ. ಆದ್ದರಿಂದ ವಿಂಡೋಸ್ 98 ಯಂತ್ರಕ್ಕೆಂದು ಕೊಟ್ಟ ಬಳಕೆದಾರನ ಹೆಸರು, ಪಾಸ್‌ವರ್ಡ್ ಎರಡೂ ಈ ಪೆಟ್ಟಿಗೆಯ ಹೊರಗೆ ಎಲ್ಲಿಯೂ ಇರಕೂಡದು.

ಕಡತ ಸಾಗಿಸುವ ಇನ್ನೊಂದು ಹಳೆಯ ವಿಧಾನವಾದ ಎಫ್‌ಟಿಪಿ ಸಾಲದೇ ಎಂದು ಕೇಳುವವರಿದ್ದಾರೆ. ಸಾಲುತ್ತದೆ, ಆದರೆ ಕಡತವನ್ನು ಇದ್ದಂತೆಯೇ ಸಾಗಿಸುವ ಬೈನರಿ ಮೋಡ್ ಮರೆತು ಬರೀ ಪಠ್ಯಕ್ಕೆಂದಿರುವ ಆಸ್ಕಿ ಮೋಡಿನಲ್ಲಿ ಕಳುಹಿಸಿದರೆ ಸಾಲಿನ ಕೊನೆಯ ಗುರುತುಗಳು ಬದಲಾಗಿ ಪೇಜ್‌ಮೇಕರ್ ಕಡತ ಕೆಡುತ್ತದೆ. ನಾನೇ ಒಮ್ಮೆ ಹೀಗೆ ಒಂದು ಪುಸ್ತಿಕೆಯನ್ನು ಕಳೆದುಕೊಂಡಿದ್ದೇನೆ. ಇನ್ನು ಕಡತದ ಹೆಸರುಗಳ ಮಾತು. ವಿಂಡೋಸ್ 98ರ ಕೋಡ್‌ಪೇಜಿನಲ್ಲಿ, ಅಂದರೆ ಅದಕ್ಕೆ ಗೊತ್ತಿರುವ ಅಕ್ಷರಗಳ ಪಟ್ಟಿಯಲ್ಲಿ, ಕನ್ನಡವಿಲ್ಲ. ಹೊಸ ಯಂತ್ರದಲ್ಲಿ ಕನ್ನಡದಲ್ಲಿಟ್ಟ ಹೆಸರು ಅಲ್ಲಿ ಗುರುತು ಸಿಗದಂತೆ ಕಾಣುತ್ತದೆ, ಆದಕಾರಣ ಇಂಗ್ಲಿಷ್ ಅಕ್ಷರಗಳ ಚಿಕ್ಕ ಹೆಸರೇ ಕ್ಷೇಮ.

ಇದೆಲ್ಲ ಸಾಧ್ಯವಾದದ್ದು ಸಾಂಬಾವನ್ನು ಮೊದಲು ಬರೆದ ಆಂಡ್ರ್ಯೂ ಟ್ರಿಡ್ಜೆಲ್ ಅವರಿಂದ. ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿ ಓದುತ್ತಿದ್ದಾಗ, 1990ರ ದಶಕದ ಆರಂಭದಲ್ಲಿ, ತಂತಿಯ ಮೇಲೆ ಹರಿಯುತ್ತಿದ್ದ ಪ್ಯಾಕೆಟ್‌ಗಳನ್ನು ಹಿಡಿದು ಓದಿ ಅವರು ಆ ಭಾಷೆಯನ್ನು ಅರ್ಥಮಾಡಿಕೊಂಡರು; ಆರ್‌ಸಿಂಕ್ ಕೂಡ ಅವರು ಪಾಲ್ ಮ್ಯಾಕೆರಸ್ ಜೊತೆಗೂಡಿ ಬರೆದದ್ದೇ. ಮೈಕ್ರೋಸಾಫ್ಟ್‌ನ ಪ್ರೊಟೊಕಾಲ್ ವಿವರಗಳು ಸಾಂಬಾ ತಂಡದ ಕೈಗೆ ಅಧಿಕೃತವಾಗಿ ಸಿಗಲು 2007ರ ಡಿಸೆಂಬರ್‌ವರೆಗೆ ಕಾಯಬೇಕಾಯಿತು, ಅದೂ ಮಾರುಕಟ್ಟೆಯ ನ್ಯಾಯಯುತ ಸ್ಪರ್ಧೆಯ ಕುರಿತು ಯುರೋಪಿನಲ್ಲಿ ನಡೆದ ದೀರ್ಘ ಮೊಕದ್ದಮೆಯ ನಂತರ, 10,000 ಯೂರೋ ಶುಲ್ಕ ಕೊಟ್ಟು. ತನ್ನ ಕಡತವನ್ನು ತಾನೇ ಓದಿಕೊಳ್ಳಲು ಗದಗದ ಪ್ರೆಸ್ಸಿನ ಮಾಲೀಕರು ಯಾವ ಕಂಪನಿಯ ಅನುಮತಿಯನ್ನೂ ಬೇಡಬೇಕಿಲ್ಲವೆಂದರೆ, ಅದರ ಹಿಂದೆ ಇಷ್ಟೊಂದು ಶ್ರಮವಿದೆ.

ನಿಮ್ಮಲ್ಲೂ ಇಂಥ ಯಂತ್ರವಿದ್ದರೆ, ಮುಖ್ಯ ಸರ್ವರ್‌ನ ಕಾನ್ಫಿಗ್ ಕಡತವನ್ನು ತೆರೆದು ಎನ್‌ಟಿ1 ಎಂಬ ಸಾಲು ಇದೆಯೇ ಎಂದು ಇಂದೇ ಒಮ್ಮೆ ನೋಡಿ.